ಹಸಿ ಆಲೂಗಡ್ಡೆಗೆ ಇಲ್ಲದ ಮೈಲಿಗೆ



ಇವತ್ತು ಆಲೂಗಡ್ಡೆ ಬಗ್ಗೆ ಬರೀತೀನಿ. ಒಳಮೀಸಲಾತಿ, ಬಗರ್‌ಹುಕುಂ, ಹಾಸ್ಟೆಲ್ ಸಮಸ್ಯೆ ಎಲ್ಲಾ ಬಿಟ್ಟು ಇದೇನು ಅಡುಗೆ ಶುರು ಮಾಡಿದ್ರಿ ಅಂತ ಕೇಳಬೇಡಿ. ಕೊನೆವರೆಗೂ ಓದಿ. ಮೈಕ್ರೋವೇವ್‌ನಲ್ಲಿ ಬೇಯಿಸಿದ ಒಂದು ಆಲೂಗಡ್ಡೆ ಜಾತಿಯ ನೆಪಗಳನ್ನ ಒಂದೊಂದಾಗಿ ಹೆಂಗೆ ಬಿಚ್ಚಿ ತೋರಿಸುತ್ತೆ ಅನ್ನೋದನ್ನ ನಾನು ಕಣ್ಣಾರೆ ನೋಡಿದ್ದೀನಿ.

ಮೊದಲು ಮಾಡೋ ವಿಧಾನ ಹೇಳಿಬಿಡ್ತೀನಿ. ರೂಮಲ್ಲಿ ಒಬ್ಬರೇ ಇರೋ ಹುಡುಗ ಹುಡುಗೀರಿಗೆ ಉಪಯೋಗ ಆಗುತ್ತೆ.

ಮುಷ್ಟಿಯಷ್ಟು ದಪ್ಪದ, ಹೆಚ್ಚುಕಮ್ಮಿ 200 ಗ್ರಾಂ ತೂಗೋ ಆಲೂಗಡ್ಡೆ ತಗೊಳ್ಳಿ. ಹಸಿರು ಬಣ್ಣಕ್ಕೆ ತಿರುಗಿದ್ದು, ಮೊಳಕೆ ಬಂದಿದ್ದು ಬೇಡ. ಸಿಪ್ಪೆ ತೆಗೀಬೇಡಿ. ಮಣ್ಣು ಹೋಗೋ ಹಂಗೆ ತಿಕ್ಕಿ ತೊಳೆದು ಒರೆಸಿ. ಚಾಕುವಿನ ತುದಿಯಿಂದ ಸುತ್ತಲೂ ಎಂಟು ಹತ್ತು ಕಡೆ ಚುಚ್ಚಿ. ಇದನ್ನ ಮಾತ್ರ ಮರೀಬೇಡಿ. ಆಲೂಗಡ್ಡೆಯ ತೂಕದಲ್ಲಿ ನೂರಕ್ಕೆ ಸುಮಾರು 80 ಪಾಲು ನೀರೇ. ಆ ನೀರು ಆವಿಯಾಗಿ ಹೊರಗೆ ಬರೋಕೆ ದಾರಿ ಇಲ್ಲದಿದ್ರೆ ಗಡ್ಡೆ ಪಟ್ ಅಂತ ಸಿಡಿದು ಮಷೀನ್ ಒಳಗೆಲ್ಲಾ ಮೆತ್ಕೊಳ್ಳುತ್ತೆ. 800 ವ್ಯಾಟ್ ಮಷೀನ್ ಆದ್ರೆ ಮೂರು ನಿಮಿಷ ಇಟ್ಟು, ತೆಗೆದು, ಮಗುಚಿ, ಮತ್ತೆ ಎರಡು ಮೂರು ನಿಮಿಷ ಇಡಿ. ಚಾಕು ಹಾಕಿದ್ರೆ ಬೆಣ್ಣೆಗೆ ಹೋದಂಗೆ ಹೋಗಬೇಕು. ಆಮೇಲೆ ಮೂರು ನಿಮಿಷ ಹಂಗೇ ಬಿಡಿ. ಒಳಗಿನ ಬಿಸಿಗೆ ನಡುಭಾಗ ತಾನೇ ಹದ ಆಗುತ್ತೆ. ಸಿಪ್ಪೆ ಗರಿಗರಿ ಆಗಲ್ಲ. ಗರಿಗರಿ ಬೇಕು ಅಂದ್ರೆ ಕಾದ ಹಂಚಿನ ಮೇಲೆ ಎರಡು ನಿಮಿಷ ಹೊರಳಾಡಿಸಿ.

ಅಡ್ಡಡ್ಡ ಸೀಳಿ ಉಪ್ಪು, ನಮ್ಮ ಜಗಳೂರು ಕಡೆ ಶೇಂಗಾ ಚಟ್ನಿಪುಡಿ, ಮೇಲೆ ಒಂದು ಉಂಡೆ ಬೆಣ್ಣೆ. ಅಷ್ಟೇ ಊಟ.

ಮಷೀನ್ ಏನು ಮಾಡುತ್ತೆ? ರೇಡಿಯೋ ಅಲೆಗಳ ಜಾತಿಗೇ ಸೇರಿದ ಅಲೆಗಳನ್ನ ಒಳಗೆ ಬಿಡುತ್ತೆ. (ಜಾತಿ ಅನ್ನೋ ಪದ ಇಲ್ಲೂ ಬಂತು ನೋಡಿ!) ಆ ಅಲೆಗಳು ಗಡ್ಡೆಯೊಳಗಿನ ನೀರಿನ ಕಣಗಳನ್ನ ಅಲ್ಲಾಡಿಸುತ್ತವೆ, ಆ ಅಲ್ಲಾಟಕ್ಕೆ ಬಿಸಿ ಹುಟ್ಟುತ್ತೆ. ಎರಡನೇ ಮಹಾಯುದ್ಧದ ರೇಡಾರ್ ಕೆಲಸದಿಂದ ಹುಟ್ಟಿದ ಯಂತ್ರ ಇದು. 1945ರಲ್ಲಿ ಅಮೆರಿಕದ ಪರ್ಸಿ ಸ್ಪೆನ್ಸರ್ ಅನ್ನೋ ಎಂಜಿನಿಯರ್ ಇದನ್ನ ಅಡುಗೆಗೆ ತಿರುಗಿಸಿದ. ಹೊರಗಿನ ಬೆಂಕಿ ಇಲ್ಲ, ಹೊರಗಿನ ನೀರೂ ಇಲ್ಲ. ಗಡ್ಡೆ ತನ್ನ ನೀರಲ್ಲಿ ತಾನೇ ಬೇಯುತ್ತೆ. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಇನ್ನೊಂದು. ಇದರೊಳಗೆ ಸ್ಟೀಲ್ ತಟ್ಟೆ ಇಡಬಾರದು, ಕಿಡಿ ಹಾರುತ್ತೆ. ಗಾಜು ಅಥವಾ ಪಿಂಗಾಣಿ ಆಗಬೇಕು. ಇದನ್ನ ಹೇಳುವಾಗೆಲ್ಲಾ ನನಗೆ ನಗು ಬರುತ್ತೆ. ನಮ್ಮಪ್ಪನ ಕಾಲದಲ್ಲಿ ದೊಡ್ಡಮನೆಗಳ ಹಿತ್ತಲಲ್ಲಿ, ಹೋಟೆಲ್‌ಗಳ ಸೂರಿನ ಸಂದಿಯಲ್ಲಿ ನಮ್ಮ ಜನಕ್ಕೆ ಅಂತಲೇ ಹಿಡಿ ಮುರಿದ ಪಿಂಗಾಣಿ ಕಪ್ಪು, ಇಲ್ಲಾ ತೆಂಗಿನ ಚಿಪ್ಪು ಸಿಕ್ಕಿಸಿ ಇಟ್ಟಿರ್ತಿದ್ರು. ಒಳಗಿನವರಿಗೆ ಹಿತ್ತಾಳೆ, ಸ್ಟೀಲ್ ಲೋಟ. ಕುಡಿದು, ನಾವೇ ತೊಳೆದು, ನಾವೇ ಮತ್ತೆ ಸೂರಿಗೆ ಸಿಕ್ಕಿಸಬೇಕು. ಈಗ ಸಾವಿರಾರು ರೂಪಾಯಿ ಮಷೀನು ಬಂದು "ಸ್ಟೀಲ್ ಬೇಡ, ಪಿಂಗಾಣಿ ತಾ" ಅಂತೈತೆ. ಅಪ್ಪ ಇದ್ದಿದ್ರೆ ಬಿದ್ದು ಬಿದ್ದು ನಗ್ತಿದ್ದ.

ನಮ್ಮ ಮನೇಲಿ ಆಲೂಗಡ್ಡೆ ಅಪರೂಪ. ಅವ್ವ ಒಲೆ ಆರಿಸಿದ ಮೇಲೆ ಬಿಸಿ ಬೂದಿಯಲ್ಲಿ ಗೆಣಸು ಹುಗಿದು ಇಡ್ತಿದ್ಲು, ಬೆಳಿಗ್ಗೆ ತೆಗೆದು ಕೊಡೋಳು. ಆಲೂಗಡ್ಡೆ ಅಂದ್ರೆ ನಮಗೆ ಹೋಟೆಲ್ ಪದಾರ್ಥ, ದಾವಣಗೆರೆ ಬೆಣ್ಣೆ ದೋಸೆ ಜೊತೆ ಬರೋ ಬಿಳಿ ಪಲ್ಯ. ಆ ಪಲ್ಯ ಹೋಟೆಲ್ ಒಳಗಿತ್ತು, ನಮ್ಮ ಹಿರಿಯರು ಹೊರಗಿದ್ರು.

ಈಗ ವಿಷಯಕ್ಕೆ ಬರ್ತೀನಿ.

ನಾನು ಕೆಲವು ವರ್ಷ ಒಂದು ಕಚೇರಿಯಲ್ಲಿ ಕೆಲಸ ಮಾಡಿದೆ. ಹೆಸರು ಬೇಡ. ಅಲ್ಲಿ ಊಟದ ಕೋಣೆಯಲ್ಲಿ ಎಲ್ಲರಿಗೂ ಸೇರಿ ಒಂದು ಮೈಕ್ರೋವೇವ್ ಇತ್ತು. ಅದರ ಮೇಲೆ ಒಂದು ಚೀಟಿ ಅಂಟಿಸಿದ್ರು: "ಸಸ್ಯಾಹಾರ ಮಾತ್ರ". ಚೀಟಿ ಅಂಟಿದ್ದು ನಾನು ಕೆಲಸಕ್ಕೆ ಸೇರಿದ ಎರಡನೇ ವಾರ. ನಾನು ಅದುವರೆಗೂ ಅದರಲ್ಲಿ ಬಿಸಿ ಮಾಡಿದ್ದು ರೊಟ್ಟಿ, ಕಾಳಿನ ಸಾರು ಅಷ್ಟೇ.

ಸರಿ, ಸಸ್ಯಾಹಾರವೇ ಆಗಲಿ ಅಂತ ಒಂದು ದಿನ ನಾಲ್ಕು ಆಲೂಗಡ್ಡೆ ಒಯ್ದೆ. ಎಲ್ಲರ ಎದುರಿಗೇ ತೊಳೆದು, ಚುಚ್ಚಿ, ಪಿಂಗಾಣಿ ತಟ್ಟೆಯಲ್ಲಿ ಬೇಯಿಸಿದೆ. ಸೀಳಿ ಬೆಣ್ಣೆ ಹಾಕಿ "ತಗೊಳ್ರಿ" ಅಂತ ಮೇಜಿನ ನಡುವೆ ಇಟ್ಟೆ. ಒಬ್ಬರು "ಈಗಷ್ಟೇ ತಿಂದೆ ಮೇಡಂ" ಅಂದ್ರು. ಒಬ್ಬರಿಗೆ ಅವತ್ತು ಒಪ್ಪತ್ತು. ಇನ್ನೊಬ್ಬರು ಹೊಟ್ಟೆ ಮುಟ್ಟಿಕೊಂಡು "ನಂಗೆ ಆಲೂಗಡ್ಡೆ ವಾಯು ಆಗ್ತದೆ" ಅಂದ್ರು. ಅದೇ ಸಂಜೆ ಅದೇ ಪುಣ್ಯಾತ್ಮರು ಬಸ್‌ಸ್ಟ್ಯಾಂಡ್ ಹತ್ರ ಮಸಾಲೆ ದೋಸೆ ತಿಂತಿದ್ರು, ಪಲ್ಯ ಎರಡನೇ ಸಲ ಹಾಕಿಸ್ಕೊಂಡು. ಒಬ್ಬ ಮುಸ್ಲಿಂ ಸಹೋದ್ಯೋಗಿ ಮತ್ತು ಕಸ ಗುಡಿಸೋ ಅಮ್ಮ, ಇಬ್ಬರು ನನ್ನ ಜೊತೆ ಕೂತು ತಿಂದ್ರು.

ಕಥೆ ಇಲ್ಲಿಗೇ ಮುಗಿದಿದ್ರೆ ನಾನು ಬರೀತಿರಲಿಲ್ಲ. ಮುಂದಿನ ವಾರ ಸಂತೆಯಲ್ಲಿ ಆಲೂಗಡ್ಡೆ ಅಗ್ಗ ಸಿಕ್ತು ಅಂತ ಒಂದು ಚೀಲ ತಂದು ಕಚೇರಿ ಮೂಲೆಯಲ್ಲಿ ಇಟ್ಟಿದ್ದೆ. ವಾಯು ಆಗೋರೇ ಮೊದಲು ಬಂದ್ರು. "ಎಷ್ಟಕ್ಕೆ ತಂದ್ರಿ ಮೇಡಂ? ಎರಡು ಕೆಜಿ ನಮಗೂ ಕೊಡಿ." ನನ್ನ ಕೈಯಿಂದಲೇ ಆರಿಸಿ ಆರಿಸಿ ಹಾಕಿಸ್ಕೊಂಡ್ರು.

ಅದೇ ಸಂತೆ, ಅದೇ ಗಡ್ಡೆ, ಅದೇ ಕೈ. ಹಸಿಯಾಗಿದ್ದಾಗ ಮೈಲಿಗೆ ಇಲ್ಲ. ಆರು ನಿಮಿಷ ಮಷೀನ್ ಒಳಗೆ ಕೂತು ಬಂದ ಮೇಲೆ ಮೈಲಿಗೆ. ಆ ಆರು ನಿಮಿಷದಲ್ಲಿ ಯಾವ ನಿಮಿಷಕ್ಕೆ ಒಳಗೆ ಹೊಕ್ತು ಅಂತ ಯಾರಾದರೂ ಹೇಳ್ತೀರಾ?

ಹಳೇ ಕಾಲದ ನೆಪಗಳನ್ನ ಲೆಕ್ಕ ಹಾಕೋಣ. ನೀರು ಮುಟ್ಟಿದ್ರಿ ಅಂತಿದ್ರು. ಇಲ್ಲಿ ಬೇಯಿಸೋಕೆ ನೀರೇ ಹಾಕಿಲ್ಲ. ಒಲೆ ಮುಟ್ಟಿದ್ರಿ ಅಂತಿದ್ರು. ಇಲ್ಲಿ ಒಲೆಯೂ ಇಲ್ಲ, ಬೆಂಕಿಯೂ ಇಲ್ಲ. ನೀವು ಮಾಂಸ ತಿಂತೀರಿ ಅಂತಾರೆ, ಇದು ಗಡ್ಡೆ. ವಾಸನೆ ಅಂತಾರೆ, ಇದಕ್ಕೆ ಬೆಂದ ಮಣ್ಣಿನ ಘಮ ಬಿಟ್ಟರೆ ಏನೂ ಇಲ್ಲ. ಸ್ವಚ್ಛತೆ ಅಂತಾರೆ, ಕಣ್ಣೆದುರಿಗೇ ತೊಳೆದಿದ್ದು. ಶಾಸ್ತ್ರ ಅಂತಾರೆ; ಆಲೂಗಡ್ಡೆ ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟದಿಂದ ಹಡಗು ಹತ್ತಿ ಬಂದಿದ್ದು, ಅದರ ಹೆಸರೂ ಶಾಸ್ತ್ರ ಬರೆದವರಿಗೆ ಗೊತ್ತಿರಲಿಲ್ಲ. ಎಲ್ಲಾ ಕಳೆದ ಮೇಲೆ ಉಳಿಯೋದು ಗುಂಡಿ ಒತ್ತಿದ ನನ್ನ ಬೆರಳು ಮಾತ್ರ.

ಕೈಗೆ ಮೈಲಿಗೆ ಇದೆ ಅನ್ನೋದಾದ್ರೂ ಪೂರ್ತಿ ನಿಜವಾ ಅಂದ್ರೆ, ಅದೂ ಅಲ್ಲ. ನಮ್ಮ ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ ಬಂದವು, ಚಿತ್ರದುರ್ಗದಿಂದ ಜಗಳೂರು ಬಂತು. ಒಂದು ಕಡೆ ತೋಟ, ಹೊಳೆ. ಇನ್ನೊಂದು ಕಡೆ ಬರ. ಸಂಘಟನೆ ಕೆಲಸಕ್ಕೆ ಈ ತಾಲೂಕುಗಳನ್ನ ಸುತ್ತುವಾಗ ನನಗೆ ಕಂಡಿದ್ದು ಹೇಳ್ತೀನಿ.

ಚನ್ನಗಿರಿಗೆ ಅಡಿಕೆ ಸುಗ್ಗಿಯಲ್ಲಿ ಹೋಗಿ ನೋಡಿ. ಅಡಿಕೆ ಸುಲಿಯೋರ ಸಾಲಿನಲ್ಲಿ ನಮ್ಮ ಕೇರಿಯ ಹೆಣ್ಣುಮಕ್ಕಳು ಇರ್ತಾರೆ. ಬೆರಳೆಲ್ಲಾ ಕಪ್ಪು, ಉಗುರಿನ ಸಂದಿ ಬಿರುಕು. ಸುಲಿದಿದ್ದನ್ನ ದೊಡ್ಡ ಹಂಡೆಯಲ್ಲಿ ಚೊಗರು ಬೆರೆಸಿದ ನೀರಲ್ಲಿ, ಬೆಂಕಿ ಹಾಕಿ ಬೇಯಿಸ್ತಾರೆ, ಒಣಗಿಸ್ತಾರೆ. ನೀರೂ ಇದೆ, ಬೆಂಕಿಯೂ ಇದೆ, ನಮ್ಮ ಕೈಯೂ ಇದೆ. ಆ ಕೆಂಪಡಿಕೆ ದೇವರ ಮುಂದಿನ ತಾಂಬೂಲಕ್ಕೆ ಹೋಗುತ್ತೆ, ಮದುವೆ ಮನೆಗೆ ಹೋಗುತ್ತೆ, ಎಲ್ಲರ ಬಾಯಿಗೂ ಹೋಗುತ್ತೆ. ಯಾರೂ ವಾಯು ಅನ್ನಲ್ಲ. ಅಡಿಕೆಯಲ್ಲಿ ದುಡ್ಡಿದೆ. ದುಡ್ಡು ಬರೋ ಕಡೆ ನಮ್ಮ ಕೈ ಮಡಿ, ಪ್ರೀತಿಯಿಂದ ಬಡಿಸೋಕೆ ಹೋದ್ರೆ ಅದೇ ಕೈ ಮೈಲಿಗೆ. ಮೈಲಿಗೆ ಅನ್ನೋದು ಕೈಯಲ್ಲಿಲ್ಲ. ದಲಿತರು ಕೊಡೋ ಜಾಗದಲ್ಲಿ, ತಾವು ತಗೊಳ್ಳೋ ಜಾಗದಲ್ಲಿ ನಿಲ್ಲೋದು ಅವರಿಗೆ ಕಷ್ಟ. ದುಡಿಸ್ಕೊಳ್ಳಬಹುದು, ಕೊಂಡ್ಕೊಳ್ಳಬಹುದು, ಸಮಕ್ಕೆ ಕೂತು ಉಣ್ಣೋಕಾಗಲ್ಲ.

ಹೊನ್ನಾಳಿ ಕಡೆ ಒಂದು ಊರಲ್ಲಿ ಬಿಸಿಯೂಟ ಮಾಡೋ ನಮ್ಮ ಅಕ್ಕ ಒಬ್ಬರು ಹೇಳಿದ ಮಾತು: "ನಾನು ತರಕಾರಿ ಹೆಚ್ಚಿದ್ರೆ ನಡೀತೈತಿ, ಪಾತ್ರೆ ತಿಕ್ಕಿದ್ರೆ ನಡೀತೈತಿ. ಸೌಟು ಹಿಡಿದ್ರೆ ಮಾತ್ರ ಕೆಲವರ ಮಕ್ಕಳು ಡಬ್ಬಿ ತರ್ತಾವೆ." ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಆದೇಶಿಸಿದ್ದು 2001ರ ನವೆಂಬರ್‌ನಲ್ಲಿ. ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಬೇಕು ಅಂತ ಅದೇ ಕೋರ್ಟ್ 2004ರ ಏಪ್ರಿಲ್‌ನಲ್ಲಿ ಹೇಳಿತು. ಕೋರ್ಟ್‌ಗೂ ಗೊತ್ತಿತ್ತು, ಸೌಟು ಯಾರ ಕೈಲಿದೆ ಅನ್ನೋದೇ ಪ್ರಶ್ನೆ ಅಂತ. ನಿಮ್ಮ ಊರಿನ ಶಾಲೆಯಲ್ಲಿ ಆ ಆದೇಶದ ಪ್ರಕಾರ ಎಷ್ಟು ಜನ ಸೌಟು ಹಿಡಿದಿದ್ದಾರೆ, ಎಷ್ಟು ಜನ ಬರೀ ಪಾತ್ರೆ ತಿಕ್ಕುತ್ತಿದ್ದಾರೆ, ಒಮ್ಮೆ ಹೋಗಿ ನೋಡಿ.

ನ್ಯಾಮತಿ 2018ರಲ್ಲಿ ಹೊಸ ತಾಲೂಕಾಯ್ತು. ಕಚೇರಿ ಬಂದವು, ನೌಕರಿಯವರು ಬಂದ್ರು, ಬಾಡಿಗೆ ಮನೆಗೆ ಬೇಡಿಕೆ ಬಂತು. ಅಲ್ಲಿ ರೂಮ್ ಮಾಡ್ಕೊಂಡಿರೋ ನಮ್ಮ ಒಬ್ಬ ತಂಗಿಗೆ ಈ ಆಲೂಗಡ್ಡೆ ಹೇಳಿಕೊಟ್ಟವಳು ನಾನೇ. ಈಗ ಯಾರೂ "ನೀವು ಯಾವ ಪೈಕಿ?" ಅಂತ ನೇರ ಕೇಳಲ್ಲ. "ನಾನ್‌ವೆಜ್ ಮಾಡ್ತೀರಾ?" ಅಂತಾರೆ. ಅದೇ ಪ್ರಶ್ನೆ, ಹೊಸ ಅಂಗಿ ಹಾಕ್ಕೊಂಡಿದೆ. ಆಕೆ ಹೇಳ್ತಾಳೆ: "ಅಕ್ಕಾ, ಕುಕ್ಕರ್ ಸೀಟಿ ಹೊಡೆದ್ರೆ ಸಾಕು, ಓನರ್ ಆಂಟಿ ಬಾಗಿಲಿಗೆ ಬಂದು ಮೂಸ್ತಾರೆ. ಆಲೂಗಡ್ಡೆ ಇಟ್ಟ ದಿನ ಬರಲ್ಲ." ಸೆಕೆಂಡ್ ಹ್ಯಾಂಡ್ ಮಷೀನು. ಅದು 1,200 ವ್ಯಾಟ್ ಕರೆಂಟ್ ಎಳೆದ್ರೂ ಆರು ನಿಮಿಷಕ್ಕೆ 0.12 ಯೂನಿಟ್. ಎಂಟು ಸಲ ಬೇಯಿಸಿದ್ರೂ ಒಂದು ಯೂನಿಟ್ ಆಗಲ್ಲ. ಹೊಗೆ ಇಲ್ಲ, ಸದ್ದಿಲ್ಲ, ಸಿಲಿಂಡರ್ ಖರ್ಚಿಲ್ಲ. ದಣಿದು ಬಂದ ಹೆಣ್ಣುಮಗಳಿಗೆ ಹತ್ತು ನಿಮಿಷದಲ್ಲಿ ಬಿಸಿ ಊಟ. ಆ ಮಟ್ಟಿಗೆ ಈ ಮಷೀನು ನಮ್ಮ ಪರ.

ಆದ್ರೆ ಇಷ್ಟಕ್ಕೇ ಸಮಾಧಾನ ಪಟ್ಕೋಬೇಡ ಅಂತ ಆಕೆಗೂ ಹೇಳಿದ್ದೀನಿ, ನಿಮಗೂ ಹೇಳ್ತೀನಿ. ಇಷ್ಟ ಆಗಿ ಆಲೂಗಡ್ಡೆ ತಿನ್ನೋದು ಬೇರೆ, ಮೂಸೋರಿಗೆ ಹೆದರಿ ವಾರಕ್ಕೆ ನಾಲ್ಕು ದಿನ ಆಲೂಗಡ್ಡೆ ತಿನ್ನೋದು ಬೇರೆ. ಬಾಡಿಗೆ ಪೂರ್ತಿ ಕೊಡ್ತಾಳೆ, ಬಾಡೂಟಕ್ಕೆ ಭಾನುವಾರ ಬಸ್ ಹತ್ತಿ ಊರಿಗೆ ಹೋಗಬೇಕು. ವಾಸನೆ ಬರದಂಗೆ ಬದುಕೋದನ್ನ ನಮ್ಮ ಮಕ್ಕಳು ಕಲಿಯೋದು ಬೇಡ.

ಬಾಬಾಸಾಹೇಬರ 'ಜಾತಿ ವಿನಾಶ' ಓದಿದವರಿಗೆ ಚಕ್ವಾರಾ ನೆನಪಿರಬೇಕು. 1936ರಲ್ಲಿ ಜೈಪುರ ಸಂಸ್ಥಾನದ ಆ ಊರಲ್ಲಿ, ತೀರ್ಥಯಾತ್ರೆ ಮುಗಿಸಿ ಬಂದ ಅಸ್ಪೃಶ್ಯನೊಬ್ಬ ತನ್ನ ಜನಕ್ಕೇ ಊಟ ಹಾಕಿಸಿದ. ಊಟದಲ್ಲಿ ತುಪ್ಪ ಬಡಿಸಿದ. ಸವರ್ಣೀಯರು ಲಾಠಿ ಹಿಡಿದು ಬಂದು ಅಡುಗೆ ಹಾಳು ಮಾಡಿ, ಉಣ್ಣುತ್ತಿದ್ದವರನ್ನ ಹೊಡೆದ್ರು. ಅವರ ಎಲೆ ಮುಟ್ಟಿರಲಿಲ್ಲ, ಅವರ ಬಾವಿ ಮುಟ್ಟಿರಲಿಲ್ಲ. ನಮ್ಮ ದುಡ್ಡು, ನಮ್ಮ ತುಪ್ಪ, ನಮ್ಮ ಬಾಯಿ. ಅದೂ ತಪ್ಪಾಯ್ತು. ಅದೇ ಪುಸ್ತಕದಲ್ಲಿ ಬಾಬಾಸಾಹೇಬರು ಇನ್ನೊಂದು ಮಾತೂ ಹೇಳಿದ್ದಾರೆ: ಸಹಭೋಜನದಿಂದ ಜಾತಿ ಪ್ರಜ್ಞೆ ಸತ್ತಿಲ್ಲ, ನಿಜವಾದ ಮದ್ದು ಅಂತರ್ಜಾತಿ ಮದುವೆ ಅಂತ. ಅದಕ್ಕೇ ನನ್ನ ಆಲೂಗಡ್ಡೆ ತಿಂದವರಿಗೆಲ್ಲಾ ಕ್ರಾಂತಿಕಾರಿ ಅಂತ ಸರ್ಟಿಫಿಕೇಟ್ ಕೊಡೋಕೆ ನಾನು ತಯಾರಿಲ್ಲ. ಚುನಾವಣೆ ಹೊತ್ತಿಗೆ ಕೇರಿಗೆ ಬಂದು, ಹೋಟೆಲಿಂದ ತರಿಸಿದ ಇಡ್ಲಿ ತಿಂದು ಫೋಟೋ ತೆಗೆಸ್ಕೊಂಡು ಹೋಗೋರನ್ನ ನಾವು ನೋಡಿದ್ದೀವಿ. ಕೇರಿಯಲ್ಲಿ ಕೂತಿದ್ದು ಹೌದು. ಬೇಯಿಸಿದ ಕೈ ಯಾರದ್ದು?

ಈ ಪ್ರಶ್ನೆಯನ್ನ ಬಿಡಬೇಡಿ. ಶಾಲೆಯಲ್ಲಿ ಕೇಳಿ, ಕಚೇರಿಯಲ್ಲಿ ಕೇಳಿ, ಪ್ರಗತಿಪರ ಗೆಳೆಯರ ಮನೆ ಕಾರ್ಯಕ್ರಮದಲ್ಲೂ ಕೇಳಿ. ಒಬ್ಬೊಬ್ಬರೇ ರೂಮಲ್ಲಿರೋ ತಮ್ಮಂದಿರು, ತಂಗಿಯರು ಇವತ್ತು ರಾತ್ರಿ ಒಂದು ಆಲೂಗಡ್ಡೆ ಇಡಿ. ಚುಚ್ಚೋದು ಮರೀಬೇಡಿ. ಬೆಣ್ಣೆ ಮಾತ್ರ ಧಾರಾಳವಾಗಿ ಹಾಕ್ಕೊಳ್ಳಿ. ತುಪ್ಪ ತಿಂದಿದ್ದಕ್ಕೆ ಏಟು ತಿಂದ ಜನ ನಾವು, ನಮ್ಮ ತಟ್ಟೆಯಲ್ಲಿ ಬೆಣ್ಣೆಗೆ ಯಾಕೆ ಜಿಪುಣತನ?

ಜೈ ಭೀಮ್.