ಓದದೆ ಬಿಟ್ಟ ಸಾಲು

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯವಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಸೇರಿದವು. ಅದರ ಬಿಸಿ ನಮಗೆ ತಟ್ಟಿದ್ದು ಎಪ್ಪತ್ತು ದಾಟಿದ ಮೇಲೆ, ಆಸ್ಪತ್ರೆಯ ಒಂದು ಹಾಳೆಯಲ್ಲಿ.

ಮುಟ್ಟು ನಿಂತು ಹದಿನೈದು ವರ್ಷಗಳಾದ ನಮ್ಮ ಮನೆಯಾಕೆಗೆ ಮತ್ತೆ ರಕ್ತ ಕಾಣಿಸಿತು. ಎರಡು ತಿಂಗಳು ನಮಗೂ ಹೇಳದೆ ಮುಚ್ಚಿಟ್ಟಳು. ತಿಳಿದೊಡನೆ ಕರೆದೊಯ್ದೆವು. ವೈದ್ಯೆಯವರು ಗರ್ಭಕೋಶದ ಕೊರಳಿನಿಂದ ಅಕ್ಕಿಕಾಳಿನಷ್ಟು ಚೂರನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರು. ಬಯಾಪ್ಸಿ ಎಂದರೆ ಇಷ್ಟೇ. ಅಂದೇ ಮನೆಗೆ ಹೊರಟೆವು.

ಕೊಟ್ಟ ಸೂಚನೆಗಳು ತೆಲುಗಿನಲ್ಲಿದ್ದವು. ನಮ್ಮವಳು ಸಂತೆಯಲ್ಲಿ ತೆಲುಗು ಬಲ್ಲಳು, ಓದು ಮಾತ್ರ ಕನ್ನಡ. ಬಸ್ಸಿನಲ್ಲಿ ನಾವೇ ಓದಿ ಹೇಳತೊಡಗಿದೆವು. ತುಂಬಿದ ಕೊಡ ಎತ್ತಬಾರದು, ಕೆಲದಿನ ದಣಿಯಬಾರದು ಎಂಬಲ್ಲಿಯವರೆಗೆ ಸರಾಗ. ಸ್ರಾವದ ಸಾಲು ಬಂದಾಗ ಪಕ್ಕದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ನಿಂತಿದ್ದ. ಹಾಳೆಯನ್ನು ಮಡಿಚಿ ಜೇಬಿಗಿಟ್ಟೆವು. ಮನೆಯಲ್ಲಾದರೂ ಹೇಳಬಹುದಿತ್ತು, ಹೇಳಲಿಲ್ಲ. 'ಗಟ್ಟಿಯಾಗಿ ಓದಿರೋ' ಎಂದು ಜೀವಮಾನವಿಡೀ ಮಕ್ಕಳನ್ನು ಗದರಿದ ಬಾಯಿ ಇದು!

ಮೂರನೆಯ ರಾತ್ರಿ ಎಚ್ಚರವಾದಾಗ ಆಕೆ ಬಚ್ಚಲಿನ ಬಾಗಿಲಲ್ಲಿ ಕುಳಿತಿದ್ದಳು.

"ಕಾಫಿ ಗಸಿಯಂಗ ಕರ್ರಗ ಹೋಗಾಕತ್ತೈತ್ರೀ. ಒಳಗ ಕೊಳೆತೈತೇನು? ಮಗಳನ್ನ ಕರೆಸಿಬಿಡ್ರಿ."

ದೀಪ ಹಾಕಿ, ಕನ್ನಡಕ ಹುಡುಕಿ, ಆ ಸಾಲನ್ನು ಓದಿದೆವು. ರಕ್ತ ನಿಲ್ಲಲು ಗಾಯಕ್ಕೆ ಔಷಧದ ಲೇಪ ಹಚ್ಚಿರುತ್ತಾರೆ. ಅದು ಕಳಚುವಾಗ ಕೆಲದಿನ ಕಪ್ಪು-ಕಂದು ಸ್ರಾವ ಸಹಜ. ಕೆಂಪು ರಕ್ತ ಧಾರಾಳವಾಗಿ ಹೋದರೆ, ದುರ್ವಾಸನೆ, ಜ್ವರ, ಕಿಬ್ಬೊಟ್ಟೆಯ ನೋವು ಹೆಚ್ಚಿದರೆ ಮಾತ್ರ ತಡಮಾಡದೆ ಬರಬೇಕು.

"ಇದನ್ನ ಅವತ್ತೇ ಓದಿದ್ರ ನಿಮ್ಮ ಗಂಟೇನು ಹೋಗ್ತಿತ್ತು?" ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಹಿಂದಿನ ರಾತ್ರಿಯೂ ಆಕೆ ನಿದ್ರಿಸಿರಲಿಲ್ಲವೆಂದು ಆಗ ತಿಳಿಯಿತು.

ಬೆಳಗಾದೊಡನೆ ಎಲ್ಲವನ್ನೂ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಅಡುಗೆಮನೆಯ ಮೊಳೆಗೆ ಸಿಕ್ಕಿಸಿದೆವು. ನಲ್ಲಿಯ ಕೊಡಗಳನ್ನು ನಾವೇ ಹೊತ್ತೆವು. ಬೀದಿಯ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು, ನಗಲಿ. ವಾರದೊಳಗೆ ಸ್ರಾವ ನಿಂತಿತು. ಫಲಿತಾಂಶವೂ ಬಂದಿತು: ಕ್ಯಾನ್ಸರ್ ಅಲ್ಲ, ಅದಕ್ಕೆ ಹಿಂದಿನ ಹಂತ. ಸಣ್ಣ ಚಿಕಿತ್ಸೆಯಾಯಿತು. ಈ ರೋಗಕ್ಕೆ ವೈರಾಣು ಕಾರಣವೆಂದು ತೋರಿಸಿದ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂದದ್ದನ್ನೂ, ಹೆಣ್ಣುಮಕ್ಕಳಿಗೆ ಲಸಿಕೆಯಿರುವುದನ್ನೂ ನಾವು ಓದಿಕೊಂಡದ್ದು ಆಮೇಲೆ.

ಈಚೆಗೆ ಎದುರುಮನೆಯ ಸೊಸೆಗೂ ಅದೇ ಪರೀಕ್ಷೆಯಾಯಿತು. ಮೊಳೆಯಲ್ಲಿದ್ದ ಹಾಳೆಯನ್ನು ನಮ್ಮವಳು ತಾನೇ ಕೊಂಡೊಯ್ದಳು. ಕೊಡುವ ಮುನ್ನ ಕೆಳಗೆ ತನ್ನ ಸೊಟ್ಟಕ್ಷರದಲ್ಲಿ ಒಂದು ಸಾಲು ಸೇರಿಸಿದ್ದಳು: 'ಕರ್ರಗ ಹೋದರೆ ಅಂಜಬೇಡ ತಾಯಿ.'