ಜೂನ್ 1ರಂದು ಹುಟ್ಟಿದ ಗೆಳೆಯ

ಕಳೆದ ಸೆಮಿಸ್ಟರ್‌ನಲ್ಲಿ ಪ್ಲೇಸ್‌ಮೆಂಟ್ ಟ್ರೈನಿಂಗ್ ಅಂತ ನಮ್ಮನ್ನೆಲ್ಲ ಸೆಮಿನಾರ್ ಹಾಲ್‌ನಲ್ಲಿ ಕೂರಿಸಿ ಗ್ರೂಪ್ ಡಿಸ್ಕಷನ್ ಮಾಡಿಸಿದರು. ನಮ್ಮ ಗುಂಪಿಗೆ ಬಂದ ಚೀಟಿಯಲ್ಲಿದ್ದ ವಿಷಯ ಇದು: ಅಮೆರಿಕದಲ್ಲಿ ದಾಖಲೆ ಇಲ್ಲದ ವಿದ್ಯಾರ್ಥಿಗಳಿಗೆ ಕಾಲೇಜು ಓದಲು ಧನಸಹಾಯ ಕೊಡಬೇಕೋ ಬೇಡವೋ. ಹತ್ತು ನಿಮಿಷ ಮೊಬೈಲ್ ನೋಡಿ ತಯಾರಾಗಿ ಅಂದರು.

ನೋಡಿದೆವು. ಚಿಕ್ಕವರಿದ್ದಾಗ ಅಪ್ಪ ಅಮ್ಮನ ಜೊತೆ ಗಡಿ ದಾಟಿ ಬಂದವರು, ಇಲ್ಲವೇ ವೀಸಾ ಮುಗಿದ ಮೇಲೂ ಅಲ್ಲೇ ಉಳಿದ ಮನೆಗಳ ಮಕ್ಕಳು. ಇಂಥ ಮಕ್ಕಳನ್ನು ಸರ್ಕಾರಿ ಶಾಲೆಯಿಂದ ಹೊರಗಿಡುವಂತಿಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1982ರಲ್ಲಿ ಪ್ಲೈಲರ್ ವರ್ಸಸ್ ಡೋ ಅನ್ನೋ ಕೇಸಿನಲ್ಲಿ ಹೇಳಿದೆ. ಆದರೆ ಆ ತೀರ್ಪು ಶಾಲೆಯ ಗೇಟಿನ ತನಕ ಮಾತ್ರ. ಹನ್ನೆರಡನೇ ಕ್ಲಾಸ್ ಮುಗಿಸಿ ಕಾಲೇಜಿಗೆ ಬಂದರೆ ಫೆಡರಲ್ ಸರ್ಕಾರದ ಗ್ರ್ಯಾಂಟೂ ಇಲ್ಲ, ಸಾಲವೂ ಇಲ್ಲ. 2001ರಲ್ಲಿ ಟೆಕ್ಸಾಸ್ ಮತ್ತು ಕ್ಯಾಲಿಫೋರ್ನಿಯಾ, ನಮ್ಮ ರಾಜ್ಯದ ಹೈಸ್ಕೂಲಿನಲ್ಲಿ ಮೂರು ವರ್ಷ ಓದಿ ಪಾಸಾದವರು ರಾಜ್ಯದವರ ಫೀಸನ್ನೇ ಕಟ್ಟಿದರೆ ಸಾಕು ಅಂತ ಕಾನೂನು ಮಾಡಿದವು. ಕ್ಯಾಲಿಫೋರ್ನಿಯಾ 2011ರಲ್ಲಿ ರಾಜ್ಯದ ಧನಸಹಾಯವನ್ನೂ ಕೊಡಲು ಒಪ್ಪಿತು. ಟೆಕ್ಸಾಸ್‌ನ ಕಾನೂನನ್ನು 2025ರ ಜೂನ್‌ನಲ್ಲಿ ಕೋರ್ಟ್ ಆದೇಶ ನಿಲ್ಲಿಸಿತು. ಬೇರೆ ಕಾಗದ ಇಲ್ಲದಿದ್ದರೂ ಶಾಲೆಯಲ್ಲಿ ಓದಿದ ವರ್ಷಗಳೇ ಪುರಾವೆ ಆಗುತ್ತವಲ್ಲ, ಆ ಪಾಯಿಂಟು ನಮಗೆ ತುಂಬಾ ಇಷ್ಟ ಆಯ್ತು. ನಮ್ಮ ಸಿಇಟಿಯಲ್ಲೂ ಕರ್ನಾಟಕದಲ್ಲಿ ಏಳು ವರ್ಷ ಓದಿದ್ದೀರಾ ಅಂತ ಕೇಳ್ತಾರಲ್ಲ, ಹಾಗೆ.

ಚರ್ಚೆ ಜೋರಾಗಿ ನಡೆಯಿತು. ನಮ್ಮ ರೂಮಿನ ನಾಲ್ಕು ಜನರಲ್ಲಿ ಮೂವರು ಟೇಬಲ್ ಗುದ್ದಿ ಮಾತಾಡಿದೆವು. ನಾಲ್ಕನೆಯವನು, ಕಿಟಕಿ ಪಕ್ಕದ ಮಂಚದವನು, ಬಾಯಿ ಬಿಡಲಿಲ್ಲ. ರೂಮಿಗೆ ಬಂದ ಮೇಲೆ ಅವನಿಗೆ ಬೈದೆವು. ಇಷ್ಟು ಸುಲಭದ ಟಾಪಿಕ್ ಸಿಕ್ಕಾಗಲೂ ಸುಮ್ಮನೆ ಕೂತರೆ ಕಂಪನಿಯವರ ಮುಂದೆ ಏನ್ ಮಾಡ್ತೀಯ ಅಂದೆವು. ಅವನು ಶೂ ಬಿಚ್ಚುತ್ತಾ, "ನಂದೂ ಕಾಗದ ಇಲ್ಲಲೇ" ಅಂದ.

ಅವನು ಯಾದಗಿರಿ ಜಿಲ್ಲೆಯವನು. ಅಮೆರಿಕದ ಆ ಮಕ್ಕಳ ಕಥೆಯೂ ಇವನದೂ ಒಂದೇ ಅಲ್ಲ ಅಂತ ನಮಗೂ ಗೊತ್ತು. ಇವನು ಈ ನೆಲದವನೇ, ವೋಟು ಹಾಕಿದ್ದಾನೆ, ಯಾರೂ ರಾತ್ರಿ ಬಂದು ಎಬ್ಬಿಸಿ ದೇಶ ಬಿಟ್ಟು ಹೋಗು ಅನ್ನಲ್ಲ. ಸರ್ಕಾರದ ನಿಯಮದ ಪ್ರಕಾರ ಸ್ಕಾಲರ್‌ಶಿಪ್‌ಗೆ ಪೂರ್ತಿ ಅರ್ಹ. ಪರಿಶಿಷ್ಟ ಜಾತಿಯವರ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್‌ಗೆ ಮನೆಯ ಆದಾಯ ವರ್ಷಕ್ಕೆ ಎರಡೂವರೆ ಲಕ್ಷ ದಾಟಬಾರದು. ಅವನ ಅಪ್ಪ ಅಮ್ಮ ಇಬ್ಬರ ಕೂಲಿ ಸೇರಿಸಿದರೂ ಅದರ ಹತ್ತಿರ ಹೋಗಲ್ಲ. ಆದರೆ ಹೋಗಲ್ಲ ಅಂತ ಬರೆದುಕೊಡುವ ಕಾಗದ ಇರಲಿಲ್ಲ.

ಮೊದಲ ವರ್ಷದಲ್ಲೂ ಅವನಿಗೆ ಕಾಗದದ ಗೋಳು ಇತ್ತು. ಮಾರ್ಕ್ಸ್ ಕಾರ್ಡಿನಲ್ಲಿ ಹುಟ್ಟಿದ ದಿನ ಜೂನ್ 1. ನಮ್ಮ ಅಪ್ಪಂದಿರ ಕಾಲದವರಲ್ಲಿ ಅರ್ಧ ಜನ ಜೂನ್ 1ಕ್ಕೇ ಹುಟ್ಟಿದವರಲ್ವಾ, ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರು ಬರೆದುಕೊಂಡ ದಿನ ಅದು. ಇವನು ನಮ್ಮ ವಯಸ್ಸಿನವನಾಗಿಯೂ ಆ ಸಾಲಿಗೆ ಸೇರಿದವನು. ಆಧಾರ್‌ನಲ್ಲಿ ಜನವರಿ 1, ಯಾಕಂದ್ರೆ ಮಾಡಿಸುವಾಗ ಬರೀ ವಯಸ್ಸು ಹೇಳಿದ್ದರು. ವರ್ಷಕ್ಕೆ ಎರಡು ಬರ್ತ್‌ಡೇ ಅಂತ ನಾವು ಎರಡು ಸಲ ಅವನ ಮುಖಕ್ಕೆ ಕೇಕ್ ಮೆತ್ತಿ ನಕ್ಕಿದ್ದೇವೆ. ಅವರಮ್ಮ ಹೇಳೋದು, ಅವನು ಹುಟ್ಟಿದ್ದು ಎಳ್ಳಮಾಸಿಯ ಹಿಂದೆ ಮುಂದೆ ಅಂತ. ಅಂದರೆ ನಿಜಕ್ಕೆ ಹತ್ತಿರ ಇರೋದು ಆಧಾರ್. ಆದರೆ ಎಲ್ಲ ಕಡೆ ನಡೆಯೋದು ಮಾರ್ಕ್ಸ್ ಕಾರ್ಡ್. ಆಧಾರ್‌ನಲ್ಲಿ ಹುಟ್ಟಿದ ದಿನವನ್ನು ಒಂದೇ ಸಲ ಬದಲಾಯಿಸಬಹುದು. ಇದ್ದ ಆ ಒಂದು ಅವಕಾಶವನ್ನು ಅವನು ನಿಜವನ್ನು ಅಳಿಸಿ ಜೂನ್ 1 ಬರೆಸಲಿಕ್ಕೆ ಬಳಸಿದ. ಎರಡು ವರ್ಷ ಸ್ಕಾಲರ್‌ಶಿಪ್ ಬಂತು.

ಈ ಸಲದ ತೊಡಕು ಆದಾಯ ಪ್ರಮಾಣಪತ್ರದ್ದು. ನಾಡಕಚೇರಿಯಲ್ಲಿ ಕೊಡುವ ಈ ಪತ್ರಕ್ಕೆ ಐದು ವರ್ಷ ಆಯಸ್ಸು. ಅವನು ಹೈಸ್ಕೂಲಿನಲ್ಲಿದ್ದಾಗ ಮಾಡಿಸಿದ್ದು ಮೂರನೇ ವರ್ಷಕ್ಕೆ ಬರುವಷ್ಟರಲ್ಲಿ ಮುಗಿದಿತ್ತು. (ಓದುತ್ತಿರುವವರು ಒಂದು ನಿಮಿಷ ನಿಲ್ಲಿಸಿ ನಿಮ್ಮದರ ತಾರೀಖು ನೋಡಿ ಬನ್ನಿ. ಎಸ್‌ಎಸ್‌ಪಿಯಲ್ಲಿ ಅದರ ಆರ್‌ಡಿ ನಂಬರ್ ಹಾಕದೆ ಮುಂದಿನ ಪುಟ ತೆರೆಯಲ್ಲ. ಹುಡುಗಿಯರಿಗೆ ವರ್ಷಕ್ಕೆ 50,000 ಕೊಡುವ ಎಐಸಿಟಿಇ ಪ್ರಗತಿಗೂ ಆದಾಯದ ಪತ್ರ ಬೇಕೇ ಬೇಕು.) ಹಳೆಯದನ್ನು ಮಾಡಿಸಿದಾಗ ಊರಿನ ಮನೆಯಲ್ಲಿ ಅಜ್ಜಿ ಇದ್ದಳು. ಈಗ ಅಜ್ಜಿ ಇಲ್ಲ, ಮನೆಗೆ ಬೀಗ. ಅಪ್ಪ ಅಮ್ಮ ಗುಳೆ ಬಂದು ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡ್ತಾರೆ. ಅರ್ಜಿ ಹಾಕಿದ ಮೇಲೆ ಗ್ರಾಮ ಆಡಳಿತ ಅಧಿಕಾರಿ ಸ್ಥಳ ಪರಿಶೀಲನೆಗೆ ಹೋಗಿದ್ದಾರೆ, ಬೀಗ ನೋಡಿದ್ದಾರೆ, ಅಕ್ಕಪಕ್ಕದವರು ಬೆಂಗಳೂರಿಗೆ ಹೋಗ್ಯಾರ ಅಂದಿದ್ದಾರೆ. ಅರ್ಜಿದಾರರು ವಾಸವಿಲ್ಲ ಅಂತ ತಿರಸ್ಕೃತ.

ಆ ಅಧಿಕಾರಿ ಸುಳ್ಳು ಬರೆದಿಲ್ಲ. ಹಾಗಾದ್ರೆ ಬೆಂಗಳೂರಲ್ಲೇ ಮಾಡಿಸು ಅಂದೆವು ನಾವು, ದೊಡ್ಡ ಐಡಿಯಾ ಕೊಟ್ಟವರ ಹಾಗೆ. ಅವನು ನಮ್ಮನ್ನು ಒಂದು ಭಾನುವಾರ ಅಲ್ಲಿಗೆ ಕರಕೊಂಡು ಹೋದ. ಏಳುತ್ತಿರುವ ಅಪಾರ್ಟ್‌ಮೆಂಟಿನ ಹಿಂದೆ ತಗಡಿನ ಶೆಡ್ಡುಗಳು. ಬಾಗಿಲಿಗೆ ಸೀಮೆಸುಣ್ಣದಲ್ಲಿ ಮೇಸ್ತ್ರಿ ಬರೆದ ನಂಬರು. ಕಟ್ಟಡ ಮುಗಿದ ಮೇಲೆ ಶೆಡ್ಡು ಬಿಚ್ಚಿ ಇನ್ನೊಂದು ಸೈಟಿಗೆ. ಅಲ್ಲಿಗೆ ಬಾಡಿಗೆ ಕರಾರು ಇಲ್ಲ, ಕರೆಂಟ್ ಬಿಲ್ ಇಲ್ಲ. ಆರು ವರ್ಷದಿಂದ ಈ ಊರಿಗೆ ಮನೆ ಕಟ್ಟಿಕೊಡುತ್ತಿರುವವರಿಗೆ ಈ ಊರಿನಲ್ಲಿ ವಿಳಾಸ ಇಲ್ಲ. ನಾವು ಸಿವಿಲ್ ಬ್ರಾಂಚಿನವರು, ಎರಡನೇ ವರ್ಷದಲ್ಲಿ ಅಂಥದ್ದೇ ಒಂದು ಸೈಟಿಗೆ ವಿಸಿಟ್ ಹೋಗಿ, ಕಾಲಂ ರಾಡುಗಳ ಫೋಟೋ ತೆಗೆದು, ರಿಪೋರ್ಟ್ ಬರೆದಿದ್ದೆವು. ಶೆಡ್ಡುಗಳು ಆ ರಿಪೋರ್ಟಿನಲ್ಲಿ ಇಲ್ಲ.

ಉಳಿದ ದಾರಿ ಒಂದೇ. ಅಪ್ಪ ಊರಿಗೆ ಹೋಗಿ, ಬೀಗ ತೆಗೆದು, ಪರಿಶೀಲನೆಗೆ ಬಂದಾಗ ಬಾಗಿಲಲ್ಲಿ ನಿಲ್ಲಬೇಕು. ನಮ್ಮಲ್ಲಿ ಇಬ್ಬರು ಅವರ ಜೊತೆ ರಾತ್ರಿ ರೈಲಿನ ಜನರಲ್ ಬೋಗಿಯಲ್ಲಿ ಹೋದೆವು. ನಾಡಕಚೇರಿಯಲ್ಲಿ ಹೊಸ ಅರ್ಜಿ, ಸಕಾಲದ ಸ್ವೀಕೃತಿ ಚೀಟಿ. 2011ರ ಸಕಾಲ ಕಾಯ್ದೆ ಇಂತಿಷ್ಟು ದಿನದಲ್ಲಿ ಕೊಡಲೇಬೇಕು ಅನ್ನುತ್ತೆ, ಅದು ನಿಜಕ್ಕೂ ಒಳ್ಳೆಯ ಕಾಯ್ದೆ. ಆದರೆ ಆ ದಿನಗಳನ್ನು ಊರಲ್ಲಿ ಕಾಯುತ್ತಾ ಕೂತವನ ಕೂಲಿಯನ್ನು ಯಾವ ಕಾಯ್ದೆಯೂ ಕೊಡಲ್ಲ. ಅಕ್ಕಪಕ್ಕದವರ ಹೇಳಿಕೆ, ಸಹಿ, ಹೆಬ್ಬೆಟ್ಟು ಎಲ್ಲ ಆದ ಮೇಲೆ ಕಟ್ಟೆ ಮೇಲೆ ಚಹಾ ಕುಡಿಯುತ್ತಾ ಅವರಪ್ಪ ಬೆರಳು ಮಡಚಿ ಲೆಕ್ಕ ಹಾಕಿದರು: "ಐದ್ ದಿನದ ಪಗಾರ ಹೋಯ್ತು, ಗಾಡಿ ಖರ್ಚು ಬ್ಯಾರೆ. ಬಡವ ಇದ್ದೀನಿ ಅಂತ ಬರಸ್ಕೊಳ್ಳಾಕ ಭಾಳ ರೊಕ್ಕ ಬೇಕ್ ನೋಡ್ರಿ ತಮ್ಮಾ." ನಗುತ್ತಲೇ ಹೇಳಿದರು. ನಮಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

ಇನ್ನು ನಾವು ಮಾಡಿದ ತಪ್ಪು. ಪ್ರಮಾಣಪತ್ರ ಬರುವುದರೊಳಗೆ ಪರೀಕ್ಷೆಯ ರಿಜಿಸ್ಟ್ರೇಷನ್ ಬಂತು, ಫೀಸ್ ಬಾಕಿ ಇದ್ದರೆ ಮಾಡಲ್ಲ ಅಂದರು. ನಾವು ಅವನನ್ನು ಒಂದು ಮಾತೂ ಕೇಳದೆ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಉದ್ದ ಮೆಸೇಜ್ ಹಾಕಿದೆವು. ಹೆಸರು ಹಾಕಿ, ಅಪ್ಪ ಅಮ್ಮ ಏನು ಕೆಲಸ ಮಾಡ್ತಾರೆ, ಎಲ್ಲಿ ಇರ್ತಾರೆ, ಎಲ್ಲ ಬರೆದು. ಎರಡು ದಿನದಲ್ಲಿ ಬೇಕಾದಷ್ಟು ದುಡ್ಡು ಬಂತು. ಕೈಮುಗಿಯುವ ಇಮೋಜಿಗಳೂ ರಾಶಿ ಬಂದವು. ನಮಗೆ ಬಹಳ ಖುಷಿ. ಅವನು ಆ ಎರಡು ದಿನ ಮೆಸ್ಸಿಗೆ ಬರಲಿಲ್ಲ.

ಮೂರನೇ ದಿನ ಮಾತಾಡಿದ. ಊರಲ್ಲಿ ಮನೆ ಬಾಗಿಲಿಗೆ ಬಂದು ಎಷ್ಟು ದುಡೀತಿ ಅಂತ ಕೇಳಿದರು, ಅದು ಅವರ ಕೆಲಸ. ನೀವು ಯಾಕೆ ಕ್ಲಾಸಿಗೆಲ್ಲ ನನ್ನ ಆದಾಯ ಪ್ರಮಾಣಪತ್ರ ಹಂಚಿದಿರಿ ಅಂತ ಕೇಳಿದ. ಜೋರಾಗಿಯೂ ಕೇಳಲಿಲ್ಲ. ಡಿಸ್ಕಷನ್‌ನಲ್ಲಿ ಮಾತು ಮುಗಿಯದಿದ್ದ ನಮ್ಮ ಮೂವರಿಗೂ ಉತ್ತರ ಹೊಳೆಯಲಿಲ್ಲ. ಮೆಸೇಜ್ ಡಿಲೀಟ್ ಮಾಡಲು ಹೋದರೆ ಸಮಯ ಮೀರಿತ್ತು. ಈ ಬರಹವನ್ನು ಅವನು ಎರಡು ಸಲ ಓದಿ, ಮೂರು ಕಡೆ ಹೊಡೆದು ಹಾಕಿ, ಹೆಸರು ಬೇಡ ಅಂದ ಮೇಲೆಯೇ ಕಳಿಸುತ್ತಿದ್ದೇವೆ.

ರಿಜಿಸ್ಟ್ರೇಷನ್ ಆಯಿತು. ಪ್ರಮಾಣಪತ್ರವೂ ಬಂತು, ಇನ್ನೈದು ವರ್ಷಕ್ಕೆ. ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿಯಾಗಿದೆ, ದುಡ್ಡು ಇನ್ನೂ ಬಂದಿಲ್ಲ. ಅವನು ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು, ಗ್ರೂಪಿನಲ್ಲಿ ದುಡ್ಡು ಹಾಕಿದ ಪ್ರತಿಯೊಬ್ಬರ ಹೆಸರು, ಮೊತ್ತ, ತಾರೀಖು ಗೆರೆ ಎಳೆದು ಬರೆದಿದ್ದಾನೆ. ನಮ್ಮ ಹೆಸರುಗಳ ಮುಂದೆ ಸಹಿ ಮಾಡಿ ಅಂತ ಪೆನ್ನು ಕೊಟ್ಟ. ಬೇಡ ಮಾರಾಯ, ನಮ್ಮ ನಮ್ಮಲ್ಲಿ ಇದೆಲ್ಲ ಯಾಕೆ ಅಂದೆವು.

"ಇರಲಿ ಬಿಡ್ರಲೇ, ಕಾಗದ ಇರಲಿ" ಅಂದ.

ಸಹಿ ಮಾಡಿದೆವು. ತಾರೀಖನ್ನೂ ಹಾಕಿಸಿಕೊಂಡ.