ಬಣ್ಣಗಳ ಸಾಲಾವಳಿ

ಮಕ್ಕಳಿಗೆ ಮದುವೆ ಮಾಡಿದವರಿಗೆಲ್ಲ ಸಾಲಾವಳಿಯ ಕಷ್ಟ ಗೊತ್ತು. ಗಂಡು ಒಳ್ಳೆಯವನು, ಹೆಣ್ಣು ಒಳ್ಳೆಯವಳು. ಆದರೂ ಜೋಯಿಸರು ಪಂಚಾಂಗ ಮುಚ್ಚಿ, "ಕೂಡಿಬರುವುದಿಲ್ಲ" ಎಂದುಬಿಡುತ್ತಾರೆ. ದೋಷ ಇಬ್ಬರಲ್ಲೂ ಇಲ್ಲ, ಕೂಟದಲ್ಲಿದೆ ಎಂಬ ಆ ಮಾತನ್ನು ನಾನು ಬಹುಕಾಲ ಹಾಸ್ಯಮಾಡಿಕೊಂಡು ಬಂದವನು. ಜಾತಕಗಳ ಮಟ್ಟಿಗೆ ನನ್ನ ಅಭಿಪ್ರಾಯ ಈಗಲೂ ಬದಲಾಗಿಲ್ಲ. ಬಣ್ಣಗಳ ಮಟ್ಟಿಗೆ ಮಾತ್ರ ಅದು ಅಕ್ಷರಶಃ ನಿಜವೆಂದು ಕಳೆದ ದಸರಾ ರಜೆಯಲ್ಲಿ ಕಲಿತೆ. ಪಾಠ ನನ್ನದು, ಗುರುದಕ್ಷಿಣೆ ತೆತ್ತವನು ನನ್ನ ಮೊಮ್ಮಗ.

ಹುಡುಗನಿಗೆ ಹದಿಮೂರು ವರ್ಷ. ಎರಡು ತಿಂಗಳಿಂದ ಒಂದು ರೇಡಿಯೋ ವಿಮಾನ ಕಟ್ಟುತ್ತಿದ್ದ. ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ತಯಾರಾಗಿ ೧೯೫೧ರಲ್ಲಿ ಮೊದಲು ಹಾರಿದ ಎಚ್.ಟಿ.-೨ ತರಬೇತಿ ವಿಮಾನದ ಸಣ್ಣ ಪ್ರತಿರೂಪ. ಒಡಲು ಹೂವಿನಂತೆ ಹಗುರಾದ ಬಾಲ್ಸಾ ಮರದ್ದು, ರೆಕ್ಕೆ ಥರ್ಮೋಕೋಲಿನದು. ಒಡಲಿಗೆ ಬಿಳಿ ಎನಾಮಲ್ ಒಂದು ಕೈ ಬಳಿದಿದ್ದ. ಸೋದರಮಾವನ ಜೊತೆ ನಾಲ್ಕು ದಿನ ಹಂಪೆಗೆ ಹೊರಟಾಗ ಹೊಸ್ತಿಲಲ್ಲಿ ನಿಂತು, "ತಾತ, ವಿಮಾನ ಮುಟ್ಟಬೇಡಿ. ಬಂದಮೇಲೆ ಇಬ್ಬರೂ ಸೇರಿ ಬಣ್ಣ ಹೊಡೆಯೋಣ" ಎಂದ. ನಾನು ಹೂಂ ಎಂದೆ.

ಹಿರಿಯರಾದವರಿಗೆ ಕಿರಿಯರನ್ನು ಬೆರಗುಗೊಳಿಸುವ ಚಪಲ ಒಂದಿರುತ್ತದೆ. ಹುಡುಗ ಬರುವಷ್ಟರಲ್ಲಿ ವಿಮಾನ ಹೊಳೆಯುತ್ತಿದ್ದರೆ ಎಷ್ಟು ಹಿಗ್ಗಾದೀತು ಎಂದುಕೊಂಡೆ. ಸ್ಕೂಟರಿಗೆ ಹೊಡೆದು ಉಳಿದಿದ್ದ ಹಳದಿ ಸ್ಪ್ರೇ ಡಬ್ಬಿಯನ್ನು ಹಿಡಿದು ಮಹಡಿ ಹತ್ತಿದೆ. ರೆಕ್ಕೆಯ ಮೇಲೆ ಒಂದು ಸಲ ಕೈಯಾಡಿಸಿದೆ. ಹಳದಿ ಕೂತಂತೆ ಕಂಡಿತು. ಮರುಗಳಿಗೆಯಲ್ಲೇ ಮೈಯೆಲ್ಲ ಸಿಡುಬಿನ ಕಲೆಯಂತೆ ಕುಳಿಬಿದ್ದು, ಬಿಸಿ ಬಾಣಲೆಗೆ ಬಿದ್ದ ಬೆಣ್ಣೆಯಂತೆ ಎಡ ರೆಕ್ಕೆ ಕುಗ್ಗತೊಡಗಿತು. ಬುದ್ಧಿಯುಳ್ಳವನು ಅಲ್ಲಿಗೇ ನಿಲ್ಲಿಸುತ್ತಿದ್ದ. ಒಡಲು ಮರದ್ದಲ್ಲವೇ, ಅದೇನೂ ಕರಗದು ಎಂದು ನಾನು ಅದಕ್ಕೂ ಹೊಡೆದೆ. ಮರವೇನೋ ಕರಗಲಿಲ್ಲ, ಆದರೆ ಹುಡುಗ ಬಳಿದಿದ್ದ ಬಿಳಿ ಬಣ್ಣ ಕಾದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಮೇಲೆದ್ದಿತು.

ಡಬ್ಬಿಯನ್ನೂ ರೆಕ್ಕೆಯನ್ನೂ ಚೀಲಕ್ಕೆ ಹಾಕಿಕೊಂಡು ಜೆ.ಸಿ. ರಸ್ತೆಗೆ ಓಡಿದೆ. ಮೋಟಾರುಗಳ ಬಣ್ಣ ಮಾರುವ ಅಂಗಡಿಯೊಂದರ ಮುದುಕರು ರೆಕ್ಕೆ ನೋಡಿ ನಗಲಿಲ್ಲ. ಯಾವ ಬಣ್ಣ ಬೇಕೆಂದೂ ಕೇಳಲಿಲ್ಲ. "ಕೆಳಗೆ ಏನಿದೆ ಸ್ವಾಮಿ?" ಎಂದರು. ಇಡೀ ವಿದ್ಯೆ ಆ ಒಂದು ಪ್ರಶ್ನೆಯಲ್ಲೇ ಇದೆ ಎಂಬುದು ಆಮೇಲೆ ತಿಳಿಯಿತು.

ಥರ್ಮೋಕೋಲೆಂದರೆ ನೂರಕ್ಕೆ ೯೮ ಪಾಲು ಗಾಳಿ; ಉಳಿದದ್ದು ಪಾಲಿಸ್ಟೈರೀನ್. ಲ್ಯಾಕರ್ ಬಣ್ಣಗಳಲ್ಲಿರುವ ಅಸಿಟೋನ್, ಟಾಲ್ವೀನ್‌ಗಳಿಗೆ ಅದು ನೀರಿಗೆ ಬಿದ್ದ ಸಕ್ಕರೆಯಷ್ಟೇ. ಬಣ್ಣ ನಿರಪಾಯವಾಗಿದ್ದರೂ ಅದನ್ನು ಡಬ್ಬಿಯಿಂದ ಹೊರದೂಡುವ ಅನಿಲವೇ ಕೆಲವೊಮ್ಮೆ ಥರ್ಮೋಕೋಲನ್ನು ತಿನ್ನುತ್ತದೆ. ಅದಕ್ಕೆ ಸಲ್ಲುವುದು ನೀರಿನಲ್ಲಿ ಕಲಸುವ ಅಕ್ರಿಲಿಕ್. ಇನ್ನು ಮರದ ಕಥೆ ಬೇರೆ. ಲ್ಯಾಕರ್ ಒಣಗುವುದು ದ್ರಾವಕ ಹಾರಿಹೋಗುವುದರಿಂದ. ಎನಾಮಲ್ ಹಾಗಲ್ಲ, ಅದು ಗಾಳಿಯ ಆಮ್ಲಜನಕ ಹೀರಿಕೊಂಡು ದಿನಗಟ್ಟಲೆ ಗಟ್ಟಿಯಾಗುತ್ತ ಹೋಗುತ್ತದೆ. ಮೇಲೆ ಮುಟ್ಟಿದರೆ ಒಣಗಿದಂತಿರುತ್ತದೆ, ಒಳಗೆ ಇನ್ನೂ ಎಳಸು. ಆ ಎಳಸಿನ ಮೇಲೆ ಲ್ಯಾಕರಿನ ಖಾರ ದ್ರಾವಕ ಬಿದ್ದರೆ ಪೊರೆ ಉಬ್ಬಿ ಸುಕ್ಕಾಗುತ್ತದೆ. ಲ್ಯಾಕರ್ ಕೆಳಗಿದ್ದು ಎನಾಮಲ್ ಮೇಲೆ ಬಂದರೆ ಸಂಸಾರ ಸುಖ, ತಿರುಗುಮುರುಗಾದರೆ ರಂಪ. "ಎರಡೂ ಒಳ್ಳೇ ಬಣ್ಣವೇ. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ನೋಡಬೇಕು" ಎಂದರು ಮುದುಕರು. ಜೋಯಿಸರ ನೆನಪಾಯಿತು.

ಮಳೆಗಾಲದಲ್ಲಿ ಲ್ಯಾಕರ್ ಹೊಡೆಯಬಾರದೆಂದೂ ಹೇಳಿದರು. ದ್ರಾವಕ ಹಾರುವಾಗ ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು, ಬಣ್ಣ ಬೆಳ್ಳಗೆ ಮಂಕಾಗುತ್ತದಂತೆ. ಮೆಥನಾಲ್ ಕುಡಿಯುವ ಎಂಜಿನ್ನಿನ ವಿಮಾನವಾದರೆ ಆ ಇಂಧನಕ್ಕೂ ಜಗ್ಗದ ಬಣ್ಣವೇ ಬೇಕು. ನಮ್ಮದು ಬ್ಯಾಟರಿಯದಾದ್ದರಿಂದ ಆ ಚಿಂತೆ ಇರಲಿಲ್ಲ. ಮೂಗಿಗೆ ಮುಸುಕು ಕಟ್ಟಿಕೊಳ್ಳಿ ಎಂಬ ಮಾತನ್ನು ಮಾತ್ರ ಎರಡು ಸಲ ಹೇಳಿದರು. ಅದು ಮುದುಕರ ಅತಿ ಜಾಗ್ರತೆಯೇನೂ ಅಲ್ಲ. ೧೯೧೪ರ ಮಹಾಯುದ್ಧದ ಕಾಲದಲ್ಲಿ ವಿಮಾನದ ಬಟ್ಟೆಗೆ ಡೋಪ್ ಎಂಬ ಲೇಪ ಬಳಿಯುತ್ತಿದ್ದ ಕೆಲಸಗಾರರು ಅದರ ದ್ರಾವಕದ ಹಬೆಯಿಂದ ಕಾಮಾಲೆಯಾಗಿ ಸತ್ತದ್ದುಂಟು.

ಇಷ್ಟೆಲ್ಲ ಕಲಿತು ಮನೆಗೆ ಬಂದೆ. ಕಲಿತದ್ದರಿಂದ ರೆಕ್ಕೆಯೇನೂ ಬೆಳೆಯಲಿಲ್ಲ.

ಹುಡುಗ ಬಂದ. ಏನೇನೋ ಸಬೂಬು ಹೊಂಚಿಟ್ಟುಕೊಂಡಿದ್ದೆ. ಅವನ ಮುಖ ನೋಡಿದ ಮೇಲೆ ಒಂದೂ ಬಾಯಿಗೆ ಬರಲಿಲ್ಲ. "ಮುಟ್ಟಬೇಡ ಅಂದಿದ್ದೆ. ಮುಟ್ಟಿದೆ. ತಪ್ಪಾಯಿತು" ಎಂದೆ. ಅವನು ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ರೆಕ್ಕೆಯನ್ನು ಎತ್ತಿಕೊಂಡು ಒಳಗೆ ಹೋದ. ಎರಡು ದಿನ ನನ್ನೊಡನೆ ಊಟದ ಪಂಕ್ತಿಯಲ್ಲಿ ಬೇಕಾದಷ್ಟೇ ಮಾತು. ಮುಟ್ಟಿದರೆ ಒಣಗಿದಂತಿದ್ದು ಒಳಗೆ ಹಸಿಯಾಗಿರುವುದು ಎನಾಮಲ್ ಒಂದೇ ಅಲ್ಲ ಎಂದುಕೊಂಡು ನಾನೂ ಸುಮ್ಮನಿದ್ದೆ.

ಮೂರನೆಯ ದಿನ ಬೆಳಿಗ್ಗೆ ನೋಡುತ್ತೇನೆ, ಹುಡುಗ ವರಾಂಡದಲ್ಲಿ ಕೂತು ಕೆಟ್ಟ ರೆಕ್ಕೆಯನ್ನು ಚಾಕುವಿನಿಂದ ಚೌಕ ಚೌಕವಾಗಿ ಕತ್ತರಿಸುತ್ತಿದ್ದಾನೆ. "ಇದೇನೋ?" ಎಂದೆ. "ಬಣ್ಣ ತಂದಾಗ ಮೊದಲು ಇದರ ಮೇಲೆ ಹೊಡೆದು ಒಂದು ದಿನ ಕಾಯೋದು ತಾತ. ಆಮೇಲೆ ವಿಮಾನಕ್ಕೆ" ಎಂದ. ಜೆ.ಸಿ. ರಸ್ತೆಯ ಪಾಠವನ್ನೆಲ್ಲ ಅವನಿಗೆ ಒಪ್ಪಿಸಿದೆ. ಒಡಲಿನ ಸುಕ್ಕನ್ನು ಇಬ್ಬರೂ ಉಜ್ಜುಕಾಗದದಿಂದ ಮರ ಕಾಣುವವರೆಗೆ ಉಜ್ಜಿದೆವು. ಹೊಸ ರೆಕ್ಕೆಗೆ ಅಕ್ರಿಲಿಕ್ಕನ್ನು ತೆಳುವಾಗಿ ಬಳಿದೆವು. ಅಡಿಗೆಮನೆಯ ತಕ್ಕಡಿಯಲ್ಲಿ ಬಣ್ಣಕ್ಕೆ ಮೊದಲು ಆರುನೂರ ನಲವತ್ತು ಗ್ರಾಂ ಇದ್ದ ವಿಮಾನ ಬಣ್ಣವಾದಮೇಲೆ ಆರುನೂರ ಅರವತ್ತೆಂಟು ತೂಗಿತು. ಬಾಲದ ಕಡೆ ಬಣ್ಣ ದಪ್ಪವಾದರೆ ಮೂತಿಗೆ ಸೀಸ ಕಟ್ಟಬೇಕಾಗುತ್ತದೆಂದು ಹುಡುಗ ಅಲ್ಲಿ ನನ್ನ ಕೈ ಹಿಡಿದು ನಿಲ್ಲಿಸಿದ.

ಜನವರಿಯಲ್ಲಿ ವಿಮಾನ ಹಾರಿತು. ಆ ಚೌಕಗಳು ಈಗ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿವೆ. ಪ್ರತಿಯೊಂದರ ಬೆನ್ನಿಗೂ ಬಣ್ಣದ ಹೆಸರು, ಹೊಡೆದ ತಾರೀಖು, ಹೊಡೆದವರ ಹೆಸರು. ಎಲ್ಲಕ್ಕೂ ಕೆಳಗಿರುವುದು ಕುಳಿಬಿದ್ದ ಹಳದಿ ಚೂರು. ಅದರ ಹಿಂದೆ ದುಂಡಗಿನ ಅಕ್ಷರದಲ್ಲಿ ಬರೆದಿದ್ದಾನೆ: "ಸ್ಕೂಟರ್ ಲ್ಯಾಕರ್. ಕೂಡಿಬರಲಿಲ್ಲ. ತಾತ."

ಮೊನ್ನೆ ಹೊಸ ನೀಲಿ ಡಬ್ಬಿ ತಂದವನು ಅದನ್ನೂ ಒಂದು ಚೌಕವನ್ನೂ ನನ್ನ ಕೈಗೆ ಕೊಟ್ಟು, "ನೀವು ಹೊಡೀರಿ ತಾತ, ನಾನು ಸ್ಕೂಲಿಗೆ ಹೋಗಿ ಬರ್ತೀನಿ" ಎಂದ. ಹೊಡೆದು, ತಾರೀಖು ಬರೆದು, ಸಂಜೆಯವರೆಗೂ ಕಾದೆ.